ಹೆಬ್ಬೆಟ್ಟಿನ ಗುರುತೂ ಒಂದು ಅಮಾನತ್

ಹುಣಸೂರಿನ ತಂಬಾಕು ಹೊಲದ ಕೂಲಿಕಾರನೊಬ್ಬ ಮೂತ್ರಪಿಂಡದ ಕಾಯಿಲೆಯಿಂದ ಮೈಸೂರಿನ ಆಸ್ಪತ್ರೆಗೆ ಹೋದನೆಂದು ಭಾವಿಸಿರಿ. ವೈದ್ಯರು ಕಾಗದವೊಂದನ್ನು ಮುಂದಿಟ್ಟು, ಹೊಸ ಚಿಕಿತ್ಸೆಯ ಪ್ರಯೋಗಕ್ಕೆ ಹೆಬ್ಬೆಟ್ಟು ಒತ್ತಲು ಹೇಳುತ್ತಾರೆ. ಓದುಗರೇ, ಅವನು ಒತ್ತಬೇಕೇ?

'ಎಲ್ಲವೂ ಅಲ್ಲಾಹನ ಇಚ್ಛೆ' ಎಂದು ಕಣ್ಣುಮುಚ್ಚಿ ಒತ್ತಿಬಿಡುವುದು ತವಕ್ಕುಲ್ ಅಲ್ಲ. ಒಂಟೆಯನ್ನು ಕಟ್ಟಿದ ಬಳಿಕ ಭರವಸೆಯಿಡಲು ಪ್ರವಾದಿ(ಸ)ರು ಕಲಿಸಿದ್ದಾರೆ. ಹಾಗೆಂದು ಪ್ರಯೋಗವೇ ಪಾಪವೆಂದು ದೂರ ಓಡುವುದೂ ಸರಿಯಲ್ಲ.

ಐಜಿಎ ನೆಫ್ರೋಪತಿ ಎಂಬ ರೋಗವನ್ನೇ ನೋಡಿರಿ. ರೋಗಾಣುಗಳಿಂದ ದೇಹವನ್ನು ಕಾಯಬೇಕಾದ ಪ್ರೋಟೀನೇ ಮೂತ್ರಪಿಂಡದಲ್ಲಿ ಸಿಕ್ಕಿಕೊಂಡು ಅದನ್ನು ಕೆಡಿಸುತ್ತದೆ. ಇದಕ್ಕೆ ಸ್ಟೀರಾಯ್ಡ್ ಮಾತ್ರೆ ಉಪಕಾರಿಯೇ ಎಂದು ತಿಳಿಯಲು ಭಾರತವೂ ಸೇರಿ ಐದು ದೇಶಗಳ 503 ರೋಗಿಗಳಲ್ಲಿ ಪ್ರಯೋಗ ನಡೆಯಿತು. ಸುಮಾರು ಅರ್ಧ ಮಂದಿಗೆ ಸಿಕ್ಕಿದ್ದು ಔಷಧಿಯೇ ಇಲ್ಲದ ಮಾತ್ರೆ. ಔಷಧಿ ಪಡೆದವರಲ್ಲಿ ತೀವ್ರ ಸೋಂಕು ತಗಲಿ ಇಬ್ಬರು ಮರಣ ಹೊಂದಿದರು. 2015ರಲ್ಲಿ ಹೊಸಬರ ಸೇರ್ಪಡೆ ನಿಂತಿತು. ಅನಂತರ ಪ್ರಮಾಣ ತಗ್ಗಿಸಿ, ಸೋಂಕು ತಡೆಯುವ ಔಷಧಿಯನ್ನೂ ಕೊಟ್ಟು ಮುಂದುವರಿಸಿದರು. ಔಷಧಿ ಪಡೆದವರಲ್ಲಿ ಮೂತ್ರಪಿಂಡ ಕೆಡುವುದು ಕಡಿಮೆಯಾಯಿತೆಂದು 2022ರಲ್ಲಿ ಪ್ರಕಟವಾಯಿತು.

ಇಂದಿನ ರೋಗಿಯ ಮಾತ್ರೆಯ ಹಿಂದೆ ಆ ಅಪರಿಚಿತರ ತ್ಯಾಗವಿದೆ. ಅರಿತು ಕೊಟ್ಟರೆ ಅದು ದಾನ. ಅರಿಯದವನಿಂದ ಪಡೆದರೆ ವಂಚನೆ. ದೇಹವು ಅಲ್ಲಾಹನ ಅಮಾನತ್. 'ಫಲ ಏನೆಂದು ನಮಗೂ ತಿಳಿಯದು, ಬೇಡವಾದರೆ ನಡುವೆಯೇ ಬಿಡಬಹುದು' ಎಂದು ವೈದ್ಯರು ರೋಗಿಯ ಭಾಷೆಯಲ್ಲೇ ಹೇಳಬೇಕು.

ನಮ್ಮ ಹೊಣೆ? ಪಿರಿಯಾಪಟ್ಟಣವಿರಲಿ, ಎಚ್.ಡಿ. ಕೋಟೆಯಿರಲಿ, ಓದು ಬಾರದ ನೆರೆಯವನೊಂದಿಗೆ ಆಸ್ಪತ್ರೆಗೆ ಹೋಗಿರಿ. ಅವನು ಹೆಬ್ಬೆಟ್ಟು ಒತ್ತುವ ಮುನ್ನ ಆ ಕಾಗದವನ್ನು ಓದಿ ಹೇಳಿರಿ. ಅಕ್ಷರವೂ ಅಮಾನತ್ತೇ.