ಸೋಲುವ ತಂಡದ ಮೇಲೆ ಭರವಸೆ ಇಡಬಹುದೇ?



ಆಗಸ್ಟ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳ ಯುವಕರ ಮಾತಿನ ಧಾಟಿಯೇ ಬದಲಾಗುತ್ತದೆ. ಭಾನುವಾರದ ಬಲಿಪೂಜೆ ಮುಗಿಸಿ ಚರ್ಚಿನ ಅಂಗಳದಲ್ಲಿ ನಿಂತವರ ಬಾಯಲ್ಲಿ ಆರ್ಸೆನಲ್, ಲಿವರ್‌ಪೂಲ್, ಚೆಲ್ಸಿಗಳ ಹೆಸರು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಆರಂಭವಾಗುವ ಸಮಯ ಅದು. ಯಾವ ಕ್ಲಬ್ ಯಾರನ್ನು ಕೊಂಡಿತು, ಯಾರ ಮೊಣಕಾಲಿಗೆ ಪೆಟ್ಟಾಗಿದೆ, ಯಾರು ಗೆಲ್ಲುತ್ತಾರೆ, ಕೊನೆಗೆ ಕೆಳದರ್ಜೆಗೆ ಇಳಿಯುವ ಮೂರು ತಂಡಗಳು ಯಾವುವು ಎಂಬ ಚರ್ಚೆ ಬಿಸಿಲೇರುವವರೆಗೂ ನಡೆಯುತ್ತದೆ. ಒಂದೂ ಆಟ ನಡೆದಿರುವುದಿಲ್ಲ. 20 ತಂಡಗಳ ಹೆಸರಿನ ಮುಂದೆಯೂ ಸೊನ್ನೆ. ಆದ್ದರಿಂದ ಎಲ್ಲರಿಗೂ ಭರವಸೆ!

ಹುಡುಗರ ಹರಟೆ ಎಂದು ಹಿರಿಯರು ನಕ್ಕುಬಿಡಬಹುದು. ಆದರೆ ಈ ಹರಟೆಯೊಳಗೆ ಗಂಭೀರವಾದ ಪ್ರಶ್ನೆಯೊಂದು ಅಡಗಿದೆ. ತನ್ನ ತಂಡ ಗೆಲ್ಲುವುದಿಲ್ಲವೆಂದು ಎಲ್ಲ ಲೆಕ್ಕಗಳೂ ಹೇಳುತ್ತಿರುವಾಗ "ಈ ಸಲ ನೋಡ್ತಾ ಇರಿ" ಎನ್ನುವ ಅಭಿಮಾನಿ ತನಗೆ ತಾನೇ ಸುಳ್ಳು ಹೇಳಿಕೊಳ್ಳುತ್ತಿದ್ದಾನೆಯೇ? ಸತ್ಯವನ್ನು ಪ್ರೀತಿಸುವವನು ಲೆಕ್ಕಕ್ಕೆ ಮೀರಿದ ಭರವಸೆ ಇಡಬಹುದೇ? ಈ ಪ್ರಶ್ನೆ ಚೆಂಡಾಟಕ್ಕೆ ಮಾತ್ರ ಸೇರಿದ್ದಲ್ಲ. ಎರಡು ಸಲ ಫೇಲಾದ ಮಗನನ್ನು ಮೂರನೆಯ ಸಲ ಪರೀಕ್ಷೆಗೆ ಕಳುಹಿಸುವ ತಾಯಿಯ ಪ್ರಶ್ನೆಯೂ ಇದೇ. "ಇನ್ನು ಕುಡಿಯುವುದಿಲ್ಲ" ಎಂದು ಹತ್ತನೆಯ ಬಾರಿ ಮಾತು ಕೊಟ್ಟ ಗಂಡನ ಮುಂದೆ ಮೌನವಾಗಿ ಕುಳಿತ ಹೆಂಡತಿಯ ಪ್ರಶ್ನೆಯೂ ಇದೇ.

ಲೆಕ್ಕ ಏನು ಹೇಳುತ್ತದೆ?

ಮೊದಲು ಲೆಕ್ಕಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸೋಣ. ಪ್ರೀಮಿಯರ್ ಲೀಗ್ ಆರಂಭವಾದದ್ದು 1992ರಲ್ಲಿ. ಅಲ್ಲಿಂದ 2025ರ ಮೇ ತಿಂಗಳವರೆಗೆ 51 ಕ್ಲಬ್‌ಗಳು ಅದರಲ್ಲಿ ಆಡಿದವು. 33 ಸಲ ಪ್ರಶಸ್ತಿ ನೀಡಲಾಯಿತು. ಅದನ್ನು ಗೆದ್ದ ಕ್ಲಬ್‌ಗಳು ಏಳೇ ಏಳು. ಮ್ಯಾಂಚೆಸ್ಟರ್ ಯುನೈಟೆಡ್ 13 ಸಲ, ಮ್ಯಾಂಚೆಸ್ಟರ್ ಸಿಟಿ 8 ಸಲ, ಚೆಲ್ಸಿ 5 ಸಲ, ಆರ್ಸೆನಲ್ 3 ಸಲ, ಲಿವರ್‌ಪೂಲ್ 2 ಸಲ; ಬ್ಲ್ಯಾಕ್‌ಬರ್ನ್ ಮತ್ತು ಲೆಸ್ಟರ್ ಒಂದೊಂದು ಸಲ. ಪಕ್ಕದ ಸ್ಕಾಟ್ಲೆಂಡಿನ ಕಥೆ ಇನ್ನೂ ಕಠಿಣ. 1985-86ರಿಂದ 2024-25ರವರೆಗಿನ 40 ಋತುಗಳಲ್ಲೂ ಅಲ್ಲಿನ ಲೀಗ್ ಗೆದ್ದದ್ದು ಸೆಲ್ಟಿಕ್ ಅಥವಾ ರೇಂಜರ್ಸ್ ಮಾತ್ರ.

ಕಾರಣ ರಹಸ್ಯವೇನಲ್ಲ. ದುಡ್ಡಿದ್ದವರು ಒಳ್ಳೆಯ ಆಟಗಾರರನ್ನು ಕೊಳ್ಳುತ್ತಾರೆ, ಗೆದ್ದವರಿಗೆ ಇನ್ನಷ್ಟು ದುಡ್ಡು ಬರುತ್ತದೆ. ಕೆಳಗಿನಿಂದ ಮೇಲೆ ಬಂದವರಿಗೆ ಉಸಿರಾಡಲೂ ಸಮಯವಿಲ್ಲ. 2023-24ರಲ್ಲಿ ಹೊಸದಾಗಿ ಮೇಲೇರಿದ ಮೂರು ತಂಡಗಳೂ ಅದೇ ವರ್ಷ ಕೆಳಗಿಳಿದವು. 2024-25ರಲ್ಲಿಯೂ ಹಾಗೆಯೇ ಆಯಿತು. ಅವುಗಳಲ್ಲಿ ಸೌತಾಂಪ್ಟನ್ ತಂಡ 38 ಆಟಗಳಿಂದ ಗಳಿಸಿದ್ದು ಕೇವಲ 12 ಅಂಕ.

"ಹಾಗಾದರೆ ಲೆಸ್ಟರ್?" ಎಂದು ನೀವು ಕೇಳುತ್ತೀರಿ. ಸರಿಯಾದ ಪ್ರಶ್ನೆ. 2015-16ರ ಋತುವಿಗೆ ಮುನ್ನ ಇಂಗ್ಲೆಂಡಿನ ಬಾಜಿ ಅಂಗಡಿಗಳು ಲೆಸ್ಟರ್ ಸಿಟಿ ಗೆದ್ದರೆ ಒಂದು ಪೌಂಡಿಗೆ ಐದು ಸಾವಿರ ಕೊಡುವುದಾಗಿ ಹೇಳಿದ್ದವು. ಅಂದರೆ ಅದು ಆಗದ ಮಾತು ಎಂದರ್ಥ. ಹಿಂದಿನ ವರ್ಷವಷ್ಟೇ ಆ ತಂಡ ಕೆಳಗಿಳಿಯುವುದರಿಂದ ಹೇಗೋ ಪಾರಾಗಿತ್ತು. ಆದರೂ ಅದು ಎರಡನೆಯ ಸ್ಥಾನದ ಆರ್ಸೆನಲ್‌ಗಿಂತ ಹತ್ತು ಅಂಕ ಹೆಚ್ಚು ಗಳಿಸಿ ಪ್ರಶಸ್ತಿ ಎತ್ತಿತು! ಜಗತ್ತೇ ಬೆರಗಾಯಿತು. ಆದರೆ ಕಥೆಯನ್ನು ಅಲ್ಲಿಗೇ ನಿಲ್ಲಿಸುವುದು ನ್ಯಾಯವಲ್ಲ. ಒಂಬತ್ತು ತಿಂಗಳಲ್ಲೇ ಆ ಪವಾಡ ಮಾಡಿಸಿದ ತರಬೇತುದಾರ ರನಿಯೇರಿಯವರನ್ನು ಮನೆಗೆ ಕಳುಹಿಸಲಾಯಿತು. 2023ರಲ್ಲಿ ಲೆಸ್ಟರ್ ಕೆಳದರ್ಜೆಗಿಳಿಯಿತು. 2024ರಲ್ಲಿ ಮೇಲೆ ಬಂದು 2025ರಲ್ಲಿ ಮತ್ತೆ ಇಳಿಯಿತು. "ಲೆಸ್ಟರ್ ಗೆದ್ದಿತಲ್ಲ, ನಾವೂ ಗೆಲ್ಲುತ್ತೇವೆ" ಎಂಬ ವಾದ ನಿಲ್ಲುವುದಿಲ್ಲ. ಐದು ಸಾವಿರದಲ್ಲಿ ಒಂದು ಎಂಬ ಸಂಗತಿ ನಡೆದೇ ತೀರುತ್ತದೆಂದು ನಂಬಿ ಕೂತರೆ ಅದು ಲಾಟರಿ ಕೊಳ್ಳುವವನ ನಂಬಿಕೆ, ಭರವಸೆಯಲ್ಲ.

ಸಂತ ತೋಮಸರು ಹೇಳುವುದೇನು?

ಹಾಗಾದರೆ ಭರವಸೆ ಎಂದರೇನು? ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಇದಕ್ಕೆ ನಾಲ್ಕು ಗುರುತುಗಳನ್ನು ಕೊಟ್ಟರು. ನಾವು ಭರವಸೆ ಇಡುವ ವಸ್ತು ಒಳ್ಳೆಯದಾಗಿರಬೇಕು, ಅದು ಇನ್ನೂ ಮುಂದೆ ಬರಬೇಕಾದದ್ದಾಗಿರಬೇಕು, ಸುಲಭವಾಗಿ ಕೈಗೆಟುಕದ ಕಷ್ಟಸಾಧ್ಯ ವಸ್ತುವಾಗಿರಬೇಕು, ಆದರೂ ಸಾಧ್ಯವಾದದ್ದಾಗಿರಬೇಕು. ನಾಳೆ ಸೂರ್ಯ ಹುಟ್ಟುತ್ತಾನೆಂದು ನಾವು ಭರವಸೆ ಇಡುವುದಿಲ್ಲ, ಅದು ನಮಗೆ ಗೊತ್ತು. ಸತ್ತ ಎತ್ತು ಗಾಡಿ ಎಳೆಯುತ್ತದೆಂದೂ ಭರವಸೆ ಇಡುವುದಿಲ್ಲ, ಅದು ಅಸಾಧ್ಯ. ಖಚಿತಕ್ಕೂ ಅಸಾಧ್ಯಕ್ಕೂ ನಡುವೆ ಇರುವ ಕಷ್ಟದ ದಾರಿಯಲ್ಲಿ ಮಾತ್ರ ಭರವಸೆ ನಡೆಯುತ್ತದೆ.

ಅದೇ ಸಂತರು ಇನ್ನೊಂದು ತಮಾಷೆಯ ಪ್ರಶ್ನೆಯನ್ನೂ ಎತ್ತಿದ್ದಾರೆ: ಯುವಕರಲ್ಲೂ ಕುಡುಕರಲ್ಲೂ ಭರವಸೆ ತುಂಬಿ ತುಳುಕುತ್ತದೆಯೇ? ಹೌದು ಎಂಬುದೇ ಅವರ ಉತ್ತರ. ಯುವಕರಿಗೆ ಭವಿಷ್ಯ ದೊಡ್ಡದು, ಭೂತಕಾಲ ಚಿಕ್ಕದು. ಅವರು ಇನ್ನೂ ಸೋಲಿನ ರುಚಿ ನೋಡಿಲ್ಲ. ಕುಡಿದವನಿಗೆ ಅಪಾಯ ಕಣ್ಣಿಗೆ ಬೀಳುವುದೇ ಇಲ್ಲ. ಇಬ್ಬರಿಗೂ ಎಲ್ಲವೂ ಸಾಧ್ಯವೆನಿಸುತ್ತದೆ. ಆಗಸ್ಟ್ ತಿಂಗಳ ಅಭಿಮಾನಿಯನ್ನು ಕಂಡೇ ಬರೆದಂತಿದೆ, ಅಲ್ಲವೇ? ಭರವಸೆ ಉಕ್ಕಿದ ಮಾತ್ರಕ್ಕೆ ಅದು ಸದ್ಗುಣವಾಗುವುದಿಲ್ಲ ಎಂಬ ಎಚ್ಚರವೂ ಇಲ್ಲಿದೆ.

ಭರವಸೆಗೆ ಎರಡು ಶತ್ರುಗಳಿವೆ. ಒಂದು ದುಡುಕಿನ ಭರವಸೆ: ಗೆಲುವು ನಮ್ಮ ಹಕ್ಕು ಎಂಬ ಭಾವನೆ. ದೊಡ್ಡ ಕ್ಲಬ್‌ಗಳ ಅಭಿಮಾನಿಗಳನ್ನು ಇದು ಬೇಗ ಹಿಡಿಯುತ್ತದೆ. ನಾಲ್ಕು ಆಟ ಸೋತರೆ ತರಬೇತುದಾರನ ತಲೆ ಉರುಳಬೇಕು. ಪೆನಾಲ್ಟಿ ತಪ್ಪಿಸಿದ ಇಪ್ಪತ್ತರ ಹುಡುಗನ ಮೇಲೆ ಬೈಗುಳದ ಮಳೆ. ಇನ್ನೊಂದು ಹತಾಶೆ: "ಎಲ್ಲ ದುಡ್ಡಿನ ಆಟ, ನೋಡಿ ಏನು ಪ್ರಯೋಜನ" ಎಂದು ಕೈ ಕೊಡವಿಕೊಳ್ಳುವುದು. ಎರಡೂ ಮೇಲ್ನೋಟಕ್ಕೆ ವಿರುದ್ಧ. ಆದರೆ ಎರಡರ ಬೇರೂ ಒಂದೇ. ಆಡದ ಆಟದ ಫಲಿತಾಂಶ ತನಗೆ ಆಗಲೇ ಗೊತ್ತಿದೆ ಎಂದು ಇಬ್ಬರೂ ತಿಳಿದಿದ್ದಾರೆ. ಭರವಸೆ ಇಡುವವನು ಮಾತ್ರ ನಾಳೆಯನ್ನು ನಾಳೆಗೇ ಬಿಟ್ಟು ಇಂದಿನ ಕೆಲಸ ಮಾಡುತ್ತಾನೆ.

ಕಾದವರ ಭರವಸೆ ವ್ಯರ್ಥವೇ?

ಈಗ ಕಷ್ಟದ ಪ್ರಶ್ನೆಗೆ ಬರೋಣ. 2025ರ ಮಾರ್ಚ್‌ನಲ್ಲಿ ನ್ಯೂಕ್ಯಾಸಲ್ ಯುನೈಟೆಡ್ ಲೀಗ್ ಕಪ್ ಗೆದ್ದಿತು. ಇಂಗ್ಲೆಂಡಿನ ದೊಡ್ಡ ಪಂದ್ಯಾವಳಿಯೊಂದನ್ನು ಅದು ಅದಕ್ಕೆ ಮೊದಲು ಗೆದ್ದಿದ್ದು 1955ರಲ್ಲಿ. ಅದೇ ಮೇ ತಿಂಗಳಲ್ಲಿ 1905ರಲ್ಲಿ ಹುಟ್ಟಿದ ಕ್ರಿಸ್ಟಲ್ ಪ್ಯಾಲೆಸ್ ತನ್ನ ಮೊಟ್ಟಮೊದಲ ದೊಡ್ಡ ಪ್ರಶಸ್ತಿಯಾದ ಎಫ್.ಎ. ಕಪ್ ಎತ್ತಿತು. ನಮ್ಮ ರಾಜ್ಯದ್ದೂ ಇಂಥದೇ ಕಥೆ. 1968-69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಸಂತೋಷ್ ಟ್ರೋಫಿ ಗೆದ್ದ ನಂತರ ಕರ್ನಾಟಕ ಅದನ್ನು ಮತ್ತೆ ಮುಟ್ಟಿದ್ದು 2023ರ ಮಾರ್ಚ್‌ನಲ್ಲಿ, ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ. ನಡುವೆ 54 ವರ್ಷ! ಆಸ್ಟಿನ್ ಟೌನ್, ಗೌತಮಪುರಗಳ ಎಷ್ಟು ಮಂದಿ ಆಟಗಾರರು, ಆಟದ ಹುಚ್ಚಿನ ಎಷ್ಟು ಮಂದಿ ತಾತಂದಿರು ಆ ದಿನವನ್ನು ಕಾಣದೆ ಕಣ್ಣು ಮುಚ್ಚಿದರು! ಅವರ ಭರವಸೆ ನಷ್ಟದ ಬಾಬ್ತೇ?

ಭರವಸೆಯೆಂದರೆ ಫಲಿತಾಂಶದ ಮೇಲಿನ ಹಕ್ಕುಪತ್ರವಾಗಿದ್ದರೆ ಹೌದು, ಅವರಿಗೆ ಏನೂ ಸಿಗಲಿಲ್ಲ. ಆದರೆ ಇನ್ನೊಂದು ದೃಷ್ಟಿಯಿಂದ ನೋಡಿ. ಆ ವರ್ಷಗಳಲ್ಲಿ ಮೈದಾನಕ್ಕೆ ಯಾರೂ ಹೋಗದಿದ್ದರೆ, ಹುಡುಗರಿಗೆ ಯಾರೂ ಸಂಜೆ ಹೊತ್ತು ಕಲಿಸದಿದ್ದರೆ, 2023ರಲ್ಲಿ ಆಡಲು ತಂಡವೇ ಇರುತ್ತಿರಲಿಲ್ಲ. ಭರವಸೆ ಸಾಧ್ಯತೆಯನ್ನು ದೂರದಿಂದ ನೋಡುತ್ತ ಕೂರುವುದಿಲ್ಲ, ಅದನ್ನು ಬದುಕಿಸಿ ಇಡುತ್ತದೆ. ಸಂತ ತೋಮಸರು ಹೇಳಿದ 'ಸಾಧ್ಯ' ಎಂಬ ನಾಲ್ಕನೆಯ ಗುರುತು ಆಕಾಶದಿಂದ ಬೀಳುವುದಿಲ್ಲ. ಅನೇಕ ಸಲ ಭರವಸೆ ಇಟ್ಟವರೇ ಅದನ್ನು ಕಾಪಾಡುತ್ತಾರೆ.

ಅರ್ಜೆಂಟೀನಾದ ಸ್ಯಾನ್ ಲೊರೆನ್ಸೊ ಕ್ಲಬ್ ಇದಕ್ಕೆ ಒಳ್ಳೆಯ ಉದಾಹರಣೆ. 1908ರಲ್ಲಿ ಬ್ಯೂನಸ್ ಐರಿಸ್ ನಗರದಲ್ಲಿ ಬೀದಿಯಲ್ಲಿ ಚೆಂಡಾಡುತ್ತಿದ್ದ ಹುಡುಗರಿಗೆ ಸಲೇಷಿಯನ್ ಗುರು ಲೊರೆನ್ಸೊ ಮಾಸ್ಸಾ ಚರ್ಚಿನ ಅಂಗಳವನ್ನು ಬಿಟ್ಟುಕೊಟ್ಟರು. ಕ್ಲಬ್ ಬೆಳೆದದ್ದು ಅಲ್ಲಿಂದ. ಪೋಪ್ ಫ್ರಾನ್ಸಿಸರು ಬಾಲ್ಯದಿಂದಲೂ ಇದರ ಅಭಿಮಾನಿಯಾಗಿದ್ದರು. 1979ರಲ್ಲಿ ಈ ಕ್ಲಬ್ ತನ್ನ ಮೈದಾನವನ್ನು ಕಳೆದುಕೊಂಡಿತು. ಮುಂದೆ ಆ ಜಾಗದಲ್ಲಿ ಸೂಪರ್ ಮಾರ್ಕೆಟ್ ಎದ್ದಿತು. 1981ರಲ್ಲಿ ಎರಡನೆಯ ದರ್ಜೆಗೂ ಇಳಿಯಿತು. ಮನೆಯೂ ಇಲ್ಲ, ಮಾನವೂ ಇಲ್ಲ. ಆದರೆ 1982ರಲ್ಲಿ ಅದರ ಅಭಿಮಾನಿಗಳು ಎರವಲು ಮೈದಾನಗಳನ್ನು ತುಂಬಿದರು. ತಂಡ ಒಂದೇ ವರ್ಷದಲ್ಲಿ ಮೇಲೇರಿತು. 2014ರಲ್ಲಿ ದಕ್ಷಿಣ ಅಮೆರಿಕದ ಅತ್ಯುನ್ನತ ಕಪ್ ಆದ ಲಿಬರ್ತದೋರೆಸ್ ಗೆದ್ದಿತು.

ಎಲ್ಲ ಕಥೆಗಳೂ ಹೀಗೆ ಸುಖವಾಗಿ ಮುಗಿಯುವುದಿಲ್ಲ. 1885ರಲ್ಲಿ ಹುಟ್ಟಿ ಎರಡು ಸಲ ಎಫ್.ಎ. ಕಪ್ ಗೆದ್ದಿದ್ದ ಬರಿ ಎಂಬ ಕ್ಲಬ್ಬನ್ನು ಹಣಕಾಸಿನ ಕುಸಿತದಿಂದಾಗಿ 2019ರ ಆಗಸ್ಟ್‌ನಲ್ಲಿ, ಋತು ಆರಂಭವಾದ ಹೊತ್ತಿನಲ್ಲೇ, ಲೀಗಿನಿಂದ ಹೊರಹಾಕಲಾಯಿತು. ಬೀಗ ಜಡಿದ ಗೇಟಿನ ಮುಂದೆ ಜನ ಅತ್ತರು. ಆದರೆ ಅಷ್ಟಕ್ಕೇ ಬಿಡಲಿಲ್ಲ; 2023ರಲ್ಲಿ ಅದೇ ಮೈದಾನದಲ್ಲಿ, ಬಹಳ ಕೆಳಗಿನ ದರ್ಜೆಯಲ್ಲಿ, ಬರಿ ತಂಡ ಮತ್ತೆ ಆಡಿತು. ಅವರ ಭರವಸೆ ಈಗ ಪ್ರಶಸ್ತಿಯ ಮೇಲಿರಲಿಲ್ಲ. ಶನಿವಾರ ಮಧ್ಯಾಹ್ನ ಒಟ್ಟಿಗೆ ನಿಲ್ಲುವುದರ ಮೇಲಿತ್ತು. ಎರಡನೆಯ ಮಹಾಯುದ್ಧದ ಕತ್ತಲಲ್ಲಿ ಚಿಂತಿಸಿದ ಫ್ರಾನ್ಸಿನ ಕಥೋಲಿಕ ತತ್ವಜ್ಞಾನಿ ಗೇಬ್ರಿಯಲ್ ಮಾರ್ಸೆಲ್ ತೋರಿಸಿದ್ದೂ ಇದನ್ನೇ: ನಿಜವಾದ ಭರವಸೆ 'ಇಂಥದ್ದು ನನಗೆ ಸಿಗಲಿ' ಎಂಬಲ್ಲಿಗೆ ನಿಲ್ಲದೆ, ಒಬ್ಬರನ್ನು ನೆಚ್ಚಿ 'ನಮಗಾಗಿ' ಹಾರೈಸುತ್ತದೆ.

ಬಾಜಿ ಕಟ್ಟುವವನ ಭರವಸೆ

ಇಲ್ಲಿ ತಂದೆತಾಯಿಯರು ಗಮನಿಸಬೇಕಾದ ಒಂದು ಮಾತಿದೆ. ಅಭಿಮಾನಿಯ ಭರವಸೆಯನ್ನೇ ಮಾರಿ ಬದುಕುವ ವ್ಯಾಪಾರವೊಂದಿದೆ. ಪ್ರೀಮಿಯರ್ ಲೀಗಿನ ಹಲವು ತಂಡಗಳ ಅಂಗಿಯ ಎದೆಯ ಮೇಲೆ ಬಾಜಿ ಕಂಪನಿಗಳ ಹೆಸರು ಮೆರೆಯಿತು. 2025-26ರ ಋತು ಮುಗಿಯುವುದರೊಳಗೆ ಅದನ್ನು ತೆಗೆಯಲು ಕ್ಲಬ್‌ಗಳು ಒಪ್ಪಿದ್ದು 2023ರಲ್ಲಿ. ನಮ್ಮ ದೇಶದಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿತು. ಕಾನೂನು ಬಂದರೂ ಮೊಬೈಲಿನೊಳಗೆ ಕಳ್ಳದಾರಿಗಳಿರುತ್ತವೆ. ಬಾಜಿ ಕಟ್ಟುವವನು ಯಾವ ತಂಡಕ್ಕೂ ಸೇರಿದವನಲ್ಲ. ಅವನ ಭರವಸೆ ಯಾವ ಸಾಧ್ಯತೆಯನ್ನೂ ಬದುಕಿಸುವುದಿಲ್ಲ; ಮನೆಯ ಅಕ್ಕಿಯ ದುಡ್ಡನ್ನು ತಿನ್ನುತ್ತದೆ, ಅಷ್ಟೆ. ಮಗ ಆಟ ನೋಡುತ್ತಾನೆಂದು ಗದರಬೇಡಿ. ಪಕ್ಕದಲ್ಲಿ ಕುಳಿತು ನೋಡಿ. ಅವನು ತಂಡವನ್ನು ಪ್ರೀತಿಸುತ್ತಿದ್ದಾನೋ, ಅಂಕಿಯನ್ನು ಕಾಯುತ್ತಿದ್ದಾನೋ ನಿಮಗೇ ತಿಳಿಯುತ್ತದೆ.

ಮನೆಯೊಳಗಿನ ಋತು

ಕ್ಲಬ್ ದೇವರಲ್ಲ, ಅದರ ಮೇಲಿನ ಭರವಸೆ ಚಿಕ್ಕ ಭರವಸೆ. ಸೋತ ರಾತ್ರಿ ಹೆಂಡತಿ ಮಕ್ಕಳ ಮೇಲೆ ರೇಗುವವನು ಅದನ್ನು ವಿಗ್ರಹ ಮಾಡಿಕೊಂಡಿದ್ದಾನೆ. ಆದರೂ ಚಿಕ್ಕ ಭರವಸೆ ದೊಡ್ಡದಕ್ಕೆ ಅಭ್ಯಾಸವಾಗಬಲ್ಲದು. ಸೋತ ತಂಡದ ಅಂಗಿಯನ್ನು ಮರುದಿನವೂ ಹಾಕಿಕೊಂಡು ಹೊರಡುವ ಹುಡುಗ, ಸೋತ ತಮ್ಮನ ಪಕ್ಕ ನಿಲ್ಲಲು ಕಲಿಯಬಹುದು.

ಫೇಲಾದ ಮಗನ ತಾಯಿಯೇ, ಲೆಕ್ಕವನ್ನು ಮುಚ್ಚಿಡಬೇಡಿ. ಅವನಿಗೆ ಗಣಿತ ಬರುವುದಿಲ್ಲವೆಂದರೆ ಬರುವುದಿಲ್ಲ ಎಂದೇ ಒಪ್ಪಿ, ಕಲಿಸುವವರನ್ನು ಹುಡುಕಿ. ಆದರೆ ಅವನ ಮೇಲಿನ ಭರವಸೆಯನ್ನು ಅಂಕಪಟ್ಟಿಗೆ ಕಟ್ಟಬೇಡಿ; ನಿಮ್ಮ ಭರವಸೆಯೇ ಅವನ ಸಾಧ್ಯತೆಯ ಒಂದು ಭಾಗ. ಕುಡುಕನ ಹೆಂಡತಿಯಾದ ತಂಗಿಯೇ, ಭರವಸೆಯೆಂದರೆ ಏಟು ತಿಂದು ಬಾಯಿ ಮುಚ್ಚಿಕೊಂಡಿರುವುದಲ್ಲ. ಅದು ದುಡುಕಿನ ಭರವಸೆಯ ಇನ್ನೊಂದು ಮುಖ. ನಿಮ್ಮನ್ನೂ ಮಕ್ಕಳನ್ನೂ ಸುರಕ್ಷಿತವಾಗಿಟ್ಟುಕೊಂಡು, ಅವನನ್ನು ವೈದ್ಯರ ಬಳಿಗೆ, ಕುಡಿತ ಬಿಟ್ಟವರ ಸಂಗಕ್ಕೆ ಕಳುಹಿಸಲು ಯತ್ನಿಸುವುದೇ ಭರವಸೆ. ಅವನು ಬದಲಾಗುತ್ತಾನೆಂದು ಯಾರೂ ಮಾತು ಕೊಡಲಾರರು. ಬದಲಾಗಲಾರನೆಂದೂ ಯಾರೂ ತೀರ್ಪು ಬರೆಯಲಾರರು.

ಆದ್ದರಿಂದ ಹೊಸ ಋತುವಿನ ಮುನ್ನ ನಿಮ್ಮ ಮನೆಯ ಹುಡುಗ "ಈ ಸಲ ನಮ್ಮದೇ ಕಪ್" ಎಂದರೆ ನಗಬೇಡಿ. "ಸೋತರೆ ಏನು ಮಾಡುತ್ತೀಯಪ್ಪಾ?" ಎಂದು ಕೇಳಿ. "ಮುಂದಿನ ವಾರವೂ ನೋಡುತ್ತೇನೆ" ಎಂದು ಅವನು ಹೇಳಿದರೆ, ಭರವಸೆಯ ಮೊದಲ ಪಾಠ ಅವನಿಗೆ ಬಂದಿದೆಯೆಂದು ತಿಳಿಯಿರಿ. ಎರಡನೆಯ ಪಾಠವನ್ನು ಅವನು ಕಲಿಯುವುದು ನಿಮ್ಮನ್ನು ನೋಡಿ.