ವಕೀಲ ವೃತ್ತಿಯೂ ಕಾಲದ ಋಣವೂ

ಕಳೆದುಹೋದ ಧನವನ್ನು ಮರಳಿ ಸಂಪಾದಿಸಬಹುದು. ಕಳೆದುಹೋದ ಕಾಲವನ್ನು ಮರಳಿ ಪಡೆಯುವ ಉಪಾಯವನ್ನು ಯಾರೂ ಕಂಡವರಿಲ್ಲ. ಈ ಮಾತು ಸರ್ವರಿಗೂ ಸಮಾನವಾದರೂ ವಕೀಲ ವೃತ್ತಿಯಲ್ಲಿರುವವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ರೈತನು ಬಿತ್ತನೆಗೆ ತಡಮಾಡಿದರೆ ನಷ್ಟವು ಅವನದೇ. ವಕೀಲನು ತಡಮಾಡಿದರೆ ನಷ್ಟವು ಅವನನ್ನು ನಂಬಿದ ಕಕ್ಷಿದಾರನದು. ‘ನಮಗೆ ಪುರುಸೊತ್ತೇ ಇಲ್ಲ’ ಎಂಬುದು ಅನೇಕ ವಕೀಲರ ನಿತ್ಯದ ಉದ್ಗಾರವಾಗಿದೆ. ಇದು ಕೇವಲ ಅನುಕೂಲದ ಪ್ರಶ್ನೆಯೋ ಅಥವಾ ಧರ್ಮದ ಪ್ರಶ್ನೆಯೋ ಎಂಬುದನ್ನು ವಿಚಾರಿಸೋಣ.

ಹಳ್ಳಿಯ ಬಡ ರೈತನೊಬ್ಬನ ಹೊಲದ ದಾವೆಯು ತಾಲ್ಲೂಕಿನ ನ್ಯಾಯಾಲಯದಲ್ಲಿ ನಡೆಯುತ್ತಿದೆಯೆಂದು ಭಾವಿಸಿರಿ. ಅವನು ಆ ದಿನದ ಕೆಲಸವನ್ನು ಬಿಟ್ಟು, ಬಸ್ಸಿನ ಖರ್ಚನ್ನು ತಾನೇ ಭರಿಸಿ, ಇಬ್ಬರು ಸಾಕ್ಷಿಗಳನ್ನು ಕರೆತರುತ್ತಾನೆ. ಅವನ ವಕೀಲರಾದರೋ ಅದೇ ವೇಳೆಗೆ ಇನ್ನೊಂದು ನ್ಯಾಯಾಲಯದಲ್ಲಿ ಪಾಟೀಸವಾಲು ನಡೆಸುತ್ತಿರುತ್ತಾರೆ. ಕಿರಿಯರೊಬ್ಬರು ಎದ್ದುನಿಂತು ವಾಯಿದೆ ಬೇಡುತ್ತಾರೆ. ವಕೀಲರ ದಿನಚರಿಯಲ್ಲಿ ಒಂದು ತಾರೀಖು ಮಾತ್ರ ಬದಲಾಯಿತು. ಅತ್ತ ಮೂರು ಮನೆಗಳ ಒಂದು ದಿನದ ದುಡಿಮೆಯು ವ್ಯರ್ಥವಾಯಿತು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ೧೯೭೬ರಲ್ಲಿ ಮಾಡಿದ ತಿದ್ದುಪಡಿಯು, ವಕೀಲರು ಬೇರೊಂದು ನ್ಯಾಯಾಲಯದಲ್ಲಿ ಕಾರ್ಯನಿರತರಾಗಿರುವುದು ವಾಯಿದೆಗೆ ಕಾರಣವಾಗಲಾರದೆಂದು ಸ್ಪಷ್ಟವಾಗಿ ವಿಧಿಸಿತು. ೨೦೦೨ರಿಂದ ಜಾರಿಗೆ ಬಂದ ಇನ್ನೊಂದು ತಿದ್ದುಪಡಿಯು, ದಾವೆಯ ವಿಚಾರಣೆಯಲ್ಲಿ ಒಬ್ಬ ಪಕ್ಷಕಾರನಿಗೆ ೩ಕ್ಕಿಂತ ಹೆಚ್ಚು ವಾಯಿದೆಗಳನ್ನು ಕೊಡಬಾರದೆಂದು ಮಿತಿ ಹಾಕಿತು. ೧೯೬೩ರ ಕಾಲಮಿತಿ ಕಾಯಿದೆಯಾದರೋ ಇನ್ನೂ ಕಠಿಣವಾದುದು. ಸಿವಿಲ್ ಡಿಕ್ರಿಯ ಮೇಲೆ ಉಚ್ಚ ನ್ಯಾಯಾಲಯಕ್ಕೆ ೯೦ ದಿನಗಳಲ್ಲಿ, ಇತರ ನ್ಯಾಯಾಲಯಗಳಿಗೆ ೩೦ ದಿನಗಳಲ್ಲಿ ಅಪೀಲು ಸಲ್ಲಬೇಕು. ಅವಧಿ ಮೀರಿದುದಕ್ಕೆ ಸಾಕಷ್ಟು ಕಾರಣವನ್ನು ತೋರದಿದ್ದರೆ, ಎದುರು ಪಕ್ಷದವರು ಆಕ್ಷೇಪಿಸದಿದ್ದರೂ ನ್ಯಾಯಾಲಯವು ಅದನ್ನು ವಜಾ ಮಾಡಲೇಬೇಕು. ಸತ್ಯವು ತನ್ನ ಕಡೆಗಿದ್ದರೂ ಕೇವಲ ತಡವಾದುದರಿಂದ ಸೋತವನ ದುಃಖಕ್ಕೆ ಯಾರು ಹೊಣೆ?

ವಕೀಲರ ಪಕ್ಷದಲ್ಲಿಯೂ ಹೇಳಬೇಕಾದುದುಂಟು. ಯಾವ ಪ್ರಕರಣವನ್ನು ಎಷ್ಟು ಗಂಟೆಗೆ ಕರೆಯುವರೆಂಬುದು ಅವರ ಕೈಯಲ್ಲಿಲ್ಲ. ನ್ಯಾಯಾಧೀಶರ ಸಂಖ್ಯೆ ಸಾಲದು. ಪ್ರಕರಣಗಳ ರಾಶಿ ದೊಡ್ಡದು. ಸಂಸಾರವನ್ನು ಸಾಗಿಸುವುದಕ್ಕೂ ಸಂಪಾದನೆ ಬೇಕು. ಇವೆಲ್ಲವೂ ನಿಜವೇ. ಆದರೆ ಒಂದು ಸಂಗತಿ ಮಾತ್ರ ಪೂರ್ಣವಾಗಿ ಅವರ ಕೈಯಲ್ಲಿದೆ: ವಕಾಲತ್ತಿಗೆ ರುಜು ಹಾಕುವುದು ಅಥವಾ ಹಾಕದಿರುವುದು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆಯು ಸ್ಮರಣೀಯವಾಗಿದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಕೆಯ ಪತಿ ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಅದು ಕಳವಿನದಲ್ಲ, ಆಯ್ದು ತಂದುದೇ. ಆದರೂ ಲಕ್ಕಮ್ಮನು ಅಂದಿನ ಅಗತ್ಯಕ್ಕೆ ಮೀರಿದುದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳು. ಆ ತಾಯಿಯ ವಿವೇಕವು ವಕೀಲರ ಕಚೇರಿಗೂ ಸಲ್ಲುವಂಥದು. ಓದಲಾರದಷ್ಟು ಕಡತಗಳನ್ನು ಸ್ವೀಕರಿಸುವುದು ಹೆಚ್ಚಿನ ಅಕ್ಕಿಯನ್ನು ಮನೆಗೆ ತಂದಂತೆಯೇ. ಅಲ್ಲಿ ಉಳಿದುದು ಅಕ್ಕಿ; ಇಲ್ಲಿ ಉಳಿಯುವುದು ಮತ್ತೊಬ್ಬರ ಹೊಲ, ಮನೆ, ಮಾನ. ಹೀಗೆ ಕಾಲದ ಅಭಾವವೆಂದು ನಾವು ಕರೆಯುವುದು ಬಹುಮಟ್ಟಿಗೆ ‘ಆಗದು’ ಎನ್ನುವ ಧೈರ್ಯದ ಅಭಾವವೇ ಆಗಿದೆ.

ಮಿತಿಯನ್ನು ಅರಿತ ಬಳಿಕ ಕ್ರಮವು ಸುಲಭ. ಪ್ರಾತಃಕಾಲದ ಎರಡು ಗಂಟೆಗಳನ್ನು ಕಡತದ ಅಧ್ಯಯನಕ್ಕೇ ಮೀಸಲಿಡುವುದು; ಆಗ ದೂರವಾಣಿಯನ್ನೂ ಭೇಟಿಗೆ ಬಂದವರನ್ನೂ ದೂರವಿಡುವುದು. ಕಾಗದಪತ್ರಗಳು ಕೈಸೇರಿದ ದಿನವೇ ಕಾಲಮಿತಿಯ ಕೊನೆಯ ದಿನವನ್ನು ದಿನಚರಿಯಲ್ಲಿ ಬರೆದು, ಅದಕ್ಕೆ ಒಂದು ವಾರ ಮೊದಲೇ ಮತ್ತೊಂದು ಗುರುತು ಹಾಕುವುದು. ಕೆಲಸ ನಡೆಯದೆಂದು ತಿಳಿದರೆ ಹಿಂದಿನ ಸಂಜೆಯೇ ಕಕ್ಷಿದಾರನಿಗೆ ತಿಳಿಸುವುದು. ಅದರಿಂದ ಒಬ್ಬನ ಒಂದು ದಿನವು ಉಳಿಯುತ್ತದೆ. ಕಿರಿಯರನ್ನು ವಾಯಿದೆ ಬೇಡುವುದಕ್ಕೆ ಮಾತ್ರ ಕಳುಹಿಸದೆ, ಅವರಿಗೆ ವಿಷಯವನ್ನು ತಿಳಿಸಿ ಪ್ರಕರಣ ನಡೆಸಲು ಸಿದ್ಧಗೊಳಿಸುವುದು.

ರಾಜಿಯೂ ಕಾಲವನ್ನು ಉಳಿಸುವ ದೊಡ್ಡ ಸಾಧನವೇ. ೧೮೯೩ರಲ್ಲಿ ದಕ್ಷಿಣ ಆಫ್ರಿಕಕ್ಕೆ ತೆರಳಿದ ಗಾಂಧೀಜಿಯವರು ದಾದಾ ಅಬ್ದುಲ್ಲಾ ಅವರ ವ್ಯಾಜ್ಯದ ಕಾಗದಗಳನ್ನೆಲ್ಲ ಆಳವಾಗಿ ಅಭ್ಯಾಸ ಮಾಡಿದರು. ತಮ್ಮ ಕಡೆಯ ಪಕ್ಷವು ಬಲವಾದುದೆಂದು ತಿಳಿದಿದ್ದರೂ ಉಭಯರನ್ನೂ ಪಂಚಾಯಿತಿಗೆ ಒಪ್ಪಿಸಿದರು. ಸೋತವರು ಕಂತುಗಳಲ್ಲಿ ಹಣ ತೀರಿಸುವಂತೆಯೂ ಏರ್ಪಡಿಸಿದರು. ಮೊದಲಿಗೆ ಅಧ್ಯಯನಕ್ಕೆ ವ್ಯಯಿಸಿದ ಕಾಲವು ಮುಂದೆ ಎರಡು ಮನೆಗಳ ಎಷ್ಟೋ ವರ್ಷಗಳನ್ನು ಕಾಪಾಡಿತು.

ಗೃಹಸ್ಥರಾದ ನಮಗೂ ಇದರಲ್ಲಿ ಪಾಲುಂಟು. ನೂರಾರು ಕಡತಗಳಿರುವ ಹೆಸರುವಾಸಿಯಾದ ವಕೀಲರೇ ಬೇಕೆಂದು ಹಟ ಹಿಡಿದು, ಬಳಿಕ ಅವರಿಗೆ ಪುರುಸೊತ್ತಿಲ್ಲವೆಂದು ದೂರುವುದು ನ್ಯಾಯವಲ್ಲ. ಎದುರಾಳಿಯನ್ನು ದಣಿಸುವುದಕ್ಕಾಗಿ ವಾಯಿದೆಯನ್ನು ತೆಗೆಸಿರೆಂದು ವಕೀಲರನ್ನು ಒತ್ತಾಯಿಸುವುದಂತೂ ಮತ್ತೊಬ್ಬರ ಆಯುಷ್ಯವನ್ನು ಅಪಹರಿಸಿದಂತೆ.

ಹಣದ ಸಾಲಕ್ಕೆ ಬಡ್ಡಿಯನ್ನು ಸೇರಿಸಿ ತೀರಿಸಬಹುದು. ಒಬ್ಬನು ನಂಬಿ ಒಪ್ಪಿಸಿದ ಕಾಲದ ಋಣಕ್ಕೆ ಅಂಥ ಪರಿಹಾರವಿಲ್ಲ. ಆದುದರಿಂದ ವಕಾಲತ್ತಿಗೆ ರುಜು ಹಾಕುವ ಮುನ್ನ ‘ಇವನ ಕಾರ್ಯಕ್ಕೆ ನನ್ನಲ್ಲಿ ವೇಳೆಯುಂಟೆ?’ ಎಂದು ವಕೀಲನು ತನ್ನನ್ನು ತಾನೇ ಕೇಳಿಕೊಳ್ಳಲಿ. ಇಲ್ಲವೆಂದು ಅಂತಃಕರಣವು ನುಡಿದರೆ, ವೇಳೆಯಿರುವ ಇನ್ನೊಬ್ಬರ ಬಳಿಗೆ ಅವನನ್ನು ಕಳುಹಿಸುವುದೂ ಸೇವೆಯೇ ಆಗಿದೆ.