ಹಾಡು ಎಲ್ಲರದ್ದು, ಪುಸ್ತಕ ಯಾರದ್ದು?

ಬೈಲಹೊಂಗಲದಲ್ಲಿ ನಡೆದದ್ದೆಂದು ಹೇಳುವ ಸಂಗ್ಯಾ-ಬಾಳ್ಯಾರ ಕಥೆ ಲಾವಣಿಯಾಗಿ ಹಬ್ಬಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜೆ. ಎಫ್. ಫ್ಲೀಟ್ ಅದನ್ನು ಅಚ್ಚಿಗೆ ತಂದರು. ಪತ್ತಾರ ಮಾಸ್ತರರ ಕೈಯಲ್ಲಿ ಅದು ಸಣ್ಣಾಟವಾಯಿತು, ಊರೂರಿನ ಮೇಳಗಳು ಆಡಿದವು. ಆಡಲು ಅನುಮತಿ ಪತ್ರ ಬೇಕೆಂಬ ಯೋಚನೆ ಈ ಪರಂಪರೆಗೆ ಹೊರಗಿನದು.

ಕಿತ್ತೂರು, ಸವದತ್ತಿ ಕಡೆಯ ಗೆಳೆಯರು ಪುಸ್ತಕದ ಪಿಡಿಎಫ್ ವಾಟ್ಸಾಪಿನಲ್ಲಿ ಹಂಚುವ ಮಾತು ಬಂದಾಗ ಇದನ್ನೇ ಮುಂದಿಡುತ್ತಾರೆ: ನಮ್ಮಲ್ಲಿ ಹಾಡಿಗೆ ಒಡೆಯನೇ ಇರಲಿಲ್ಲ, ಈಗೇಕೆ ಬೇಲಿ? ಜನಪದದ ಮೇಲೆ ಸಂಶೋಧನೆ ಮಾಡುವ ನನಗೆ ಈ ಪ್ರಶ್ನೆಯನ್ನು ತಳ್ಳಿಹಾಕಲು ಆಗುವುದಿಲ್ಲ.

ಆದರೆ ಹಾಡನ್ನು ಪಡೆದವನು ಅದನ್ನು ಬಾಯಿಪಾಠ ಮಾಡಬೇಕಿತ್ತು, ರಾತ್ರಿಯಿಡೀ ಕುಣಿಯಬೇಕಿತ್ತು. ಅವನಿಗೆ ಸಿಕ್ಕ ದುಡ್ಡು ಅವನ ದುಡಿಮೆಯದು. ಲಾವಣಿಕಾರರು ಕೊನೆಯ ನುಡಿಯಲ್ಲಿ ತಮ್ಮ ಊರು, ಗುರು, ಹೆಸರು ಸೇರಿಸುತ್ತಿದ್ದರು. ಹಾಡು ಹೋದಲ್ಲೆಲ್ಲ ಹೆಸರೂ ಹೋಗುತ್ತಿತ್ತು. ಪಿಡಿಎಫ್ ಕಳಿಸಲು ಬೆರಳ ತುದಿ ಸಾಕು. ಲಾಭ ಬಂದರೆ ಅದು ಜಾಹೀರಾತು ಮಾರುವ ದೂರದ ಕಂಪನಿಗೆ. ಹಳೆಯ ಔದಾರ್ಯದ ಹೆಸರಿನಲ್ಲಿ ಹೊಸ ವ್ಯಾಪಾರ ಬೆಳೆಯುತ್ತಿದೆ.

ಅನ್ಯಾಯ ಓದುಗರಿಂದಲೇ ಆಗುತ್ತದೆ ಎನ್ನಲಾಗದು. ಮುದ್ರಿತ ಪುಸ್ತಕಕ್ಕೆ ಶೇ 10ರ ಆಸುಪಾಸಿನ ಗೌರವಧನ ರೂಢಿ. ಎಷ್ಟೋ ಬಾರಿ ಅದೂ ಪ್ರತಿಗಳ ರೂಪದಲ್ಲಿ. ಕಾಗದ, ಅಚ್ಚು, ಗೋದಾಮು, ಮಾರಾಟಗಾರರ ರಿಯಾಯಿತಿ ಈ ಅಂಕಿಗೆ ಕಾರಣ. ಇ-ಪುಸ್ತಕದಲ್ಲಿ ಕಾಗದವೂ ಇಲ್ಲ, ಗೋದಾಮೂ ಇಲ್ಲ. ಕರಡು ತಿದ್ದುವ ಕೆಲಸ, ಮಾರಾಟ ವೇದಿಕೆಯ ಪಾಲು ಉಳಿದಿವೆ, ನಿಜ. ಆದರೂ ಕಾರಣ ಕರಗಿದ ಮೇಲೆ ಅಂಕಿ ಮಾತ್ರ ಹಾಗೇ ಉಳಿಯುವುದು ನ್ಯಾಯವೇ?

ಕಾನೂನು ಇಲ್ಲಿ ರೂಢಿಗಿಂತ ಮುಂದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಆಗಬೇಕು. ಅವಧಿ ನಮೂದಿಸದಿದ್ದರೆ ಅದು ಐದು ವರ್ಷ. 2012ರ ತಿದ್ದುಪಡಿ ಇನ್ನೊಂದು ಮಾತು ಸೇರಿಸಿತು: ಒಪ್ಪಂದದ ಹೊತ್ತಿಗೆ ಇರದಿದ್ದ, ಅಥವಾ ವಾಣಿಜ್ಯ ಬಳಕೆಗೆ ಬಂದಿರದ ಮಾಧ್ಯಮವನ್ನು ಒಪ್ಪಂದ ಹೆಸರಿಸಿರದಿದ್ದರೆ ವರ್ಗಾವಣೆ ಅದಕ್ಕೆ ಅನ್ವಯಿಸದು. ಇದರ ಹಿಂದಿನ ನೀತಿ ಸರಳ: ಊಹಿಸಲೂ ಆಗದ ವಸ್ತುವನ್ನು ಯಾರೂ ಕೊಟ್ಟಿರಲು ಸಾಧ್ಯವಿಲ್ಲ. ಬಾಯಿಮಾತಿನ ವಿಶ್ವಾಸದಲ್ಲಿ ಹಸ್ತಪ್ರತಿ ಒಪ್ಪಿಸುವ ನಮ್ಮ ಲೇಖಕರಿಗೆ ಈ ನೀತಿ ತಲುಪಬೇಕಿದೆ.

ಚಂದಾ ವೇದಿಕೆಗಳದ್ದು ಬೇರೆಯೇ ಲೆಕ್ಕ. ಕಿಂಡಲ್ ಅನ್‌ಲಿಮಿಟೆಡ್ ಓದಿದ ಪುಟ ಎಣಿಸಿ ಹಣ ಕೊಡುತ್ತದೆ. ಈ ತಕ್ಕಡಿಯಲ್ಲಿ ಐನೂರು ಪುಟದ ಕಾದಂಬರಿಯ ಮುಂದೆ ಹತ್ತು ವರ್ಷ ತಿದ್ದಿದ ಕವನ ಸಂಕಲನ ಹಗುರ.

ರಾಮದುರ್ಗದ ಹಳ್ಳಿಯ ವಿದ್ಯಾರ್ಥಿಗೂ ಹಕ್ಕಿದೆ. ಮರುಮುದ್ರಣವಿಲ್ಲದ ಪುಸ್ತಕವನ್ನು ಅವಳು ಎಲ್ಲಿ ಕೊಳ್ಳಬೇಕು? 2016ರಲ್ಲಿ ಕಿಂಡಲ್ ಐದು ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಕನ್ನಡ ಹೊರಗಿತ್ತು. ಈಗ ಮೈಲ್ಯಾಂಗ್‌ನಂಥ ಕನ್ನಡದ್ದೇ ವೇದಿಕೆಗಳಿವೆ. ಎಲ್ಲೂ ಸಿಗದ ಪುಸ್ತಕದ ಪ್ರತಿ ಹುಡುಕುವುದು ಹಸಿವು. ಕಡಿಮೆ ಬೆಲೆಗೆ ಸಿಗುವುದನ್ನೂ ಬಿಟ್ಟಿ ಹಂಚುವುದು ಔದಾರ್ಯವಲ್ಲ, ಬೇರೆಯವರ ಬುತ್ತಿಯಲ್ಲಿ ದಾಸೋಹ.

ಲೇಖಕರಿಗೆ ನಾವು ಕೊಡಬೇಕಾದದ್ದು ಮೂರು: ಹೆಸರು, ಒಪ್ಪಿಗೆ ಕೇಳುವ ಮರ್ಯಾದೆ, ಪಾರದರ್ಶಕ ಲೆಕ್ಕ. ಮೊದಲನೆಯದನ್ನು ಲಾವಣಿಕಾರರು ತಾವೇ ಹಾಡಿನೊಳಗೆ ಹೆಣೆದು ಉಳಿಸಿಕೊಂಡರು. ಉಳಿದೆರಡನ್ನು ಲೇಖಕರೊಬ್ಬರೇ ಉಳಿಸಿಕೊಳ್ಳಲಾರರು. ಅವು ಪ್ರಕಾಶಕರ ಮತ್ತು ಓದುಗರ ಕೈಯಲ್ಲಿವೆ.